ಬಂಡ್ರಿ ಬಣ್ಣ, ಕಂಪ್ಲಿ ಖಾರ

ನಮ್ಮ ಮನೆಗೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ಯೋಗಕ್ಷೇಮ ವಿಚಾರಿಸುತ್ತಿದ್ದರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಸಿಗುವ ಕಲ್ಲುಗೋಡೆಯ ಕಟ್ಟಡ ನಮ್ಮದು. ಮುಂದೆ ಖಾನಾವಳಿ, ನಡುವೆ ಅಡುಗೆಮನೆ, ಹಿಂದೆ ನಾವು ಮಲಗುವ ಎರಡು ಕೋಣೆ, ಅದರಾಚೆ ಬಚ್ಚಲು, ಬಚ್ಚಲಿನಾಚೆ ಮೆಣಸಿನ ಹೊಲ. ಹೊಲ ಅಂದರೆ ಎತ್ತು ಹೂಡಿ ಉಳುವಂಥದ್ದೇನಲ್ಲ, ದೊಡ್ಡ ಹಿತ್ತಲು ಅಂತಲೇ ಅನ್ನಬೇಕು. ಆದರೆ ಅಜ್ಜಿಯ ಎದುರು ಯಾರಾದರೂ ಹಿತ್ತಲು ಅಂದರೋ, ಅವರಿಗೆ ಅವತ್ತು ಮಜ್ಜಿಗೆ ಸಿಗುತ್ತಿರಲಿಲ್ಲ. ಖಾನಾವಳಿಗೂ ಮನೆಗೂ ಒಂದೇ ಒಲೆ, ಒಂದೇ ಒರಳು. ಬೆಳಿಗ್ಗೆ ಎದ್ದರೆ ಅಮ್ಮ ರೊಟ್ಟಿ ಬಡಿಯುವ ಸದ್ದು, ಅದರ ಮೇಲೆ ಅಜ್ಜಿ ಮೆಣಸಿನಕಾಯಿ ರುಬ್ಬುವ ಸದ್ದು, ಇವೆರಡರ ಮೇಲೆ ಅವರಿಬ್ಬರ ಜಗಳದ ಸದ್ದು. ಈ ಮೂರೂ ಕೇಳಿಸಿದರೆ ಮನೆ ಚೆನ್ನಾಗಿದೆ ಅಂತ ಅರ್ಥ. ಒಂದು ದಿನ ಜಗಳ ಕೇಳಿಸದಿದ್ದರೆ ಅಪ್ಪ ಗಾಬರಿಯಾಗಿ ಅಡುಗೆಮನೆಗೆ ಇಣುಕಿ, ಯಾರಿಗೆ ಜ್ವರ ಬಂದಿದೆ ಎಂದು ನೋಡುತ್ತಿದ್ದ.

ನಮ್ಮ ಖಾನಾವಳಿಯ ಹೆಸರು ನಿಂತಿದ್ದು ಕೆಂಪು ಚಟ್ನಿಯ ಮೇಲೆ. ಜೋಳದ ರೊಟ್ಟಿ ಎಲ್ಲರೂ ಮಾಡುತ್ತಿದ್ದರು, ಎಣ್ಣೆಗಾಯಿಯೂ ಬೇಕಾದಷ್ಟು ಕಡೆ ಸಿಗುತ್ತಿತ್ತು, ಆದರೆ ಅಜ್ಜಿಯ ಚಟ್ನಿಯ ಬಣ್ಣ ಮಾತ್ರ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಅದು ಕೈಗುಣ ಅಂತ ಗಿರಾಕಿಗಳು ಹೊಗಳುತ್ತಿದ್ದರು. ಕೈಗುಣ ಅಲ್ಲ, ಕಾಯಿಯ ಗುಣ ಅಂತ ನಮಗೆ ಗೊತ್ತಿತ್ತು. ಅಜ್ಜಿ ಮದುವೆಯಾಗಿ ಬರುವಾಗ ತವರಾದ ಬಂಡ್ರಿಯಿಂದ ತಂದ ಮೆಣಸಿನ ತಳಿ ಅದು. ಗೇಣುದ್ದ ಬೆಳೆಯುತ್ತಿತ್ತು, ಮೈತುಂಬ ನೆರಿಗೆ, ಹಣ್ಣಾದರೆ ಕಡುಗೆಂಪು, ಖಾರ ಮಾತ್ರ ಮೆತ್ತಗೆ. ಹಾಲುಹಲ್ಲಿನ ಮಗುವೂ ಬೆರಳದ್ದಿ ನೆಕ್ಕಬಹುದಿತ್ತು. ಸಂಕ್ರಾಂತಿಯ ಮುಂಚಿನ ಸೋಮವಾರ ಅಜ್ಜಿ ತಲೆಗೆ ಎರೆದುಕೊಂಡು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಬೀಜದ ಕಾಯಿ ಬಿಡಿಸಲು ಒಬ್ಬಳೇ ಹೊಲಕ್ಕೆ ಇಳಿಯುತ್ತಿದ್ದಳು. ಆ ಹೊತ್ತಿನಲ್ಲಿ ಬೇರೆ ಯಾರೂ ಸಾಲಿನಲ್ಲಿ ಕಾಲಿಡುವಂತಿರಲಿಲ್ಲ. ಯಾವ ಗಿಡ ಎಲ್ಲಕ್ಕಿಂತ ಹೆಚ್ಚು ಕಾಯಿ ಹೊತ್ತು ಬಾಗಿದೆಯೋ ಅದರದೇ ಬೀಜ ಮುಂದಿನ ವರ್ಷಕ್ಕೆ. ಅವಳ ಅತ್ತೆ ಕಲಿಸಿದ ಪದ್ಧತಿ, ಅದರಲ್ಲಿ ಎರಡು ಮಾತಿರಲಿಲ್ಲ.

ಅಮ್ಮ ಕಂಪ್ಲಿಯ ಕಡೆಯವಳು. ಅವಳೂ ಬರುವಾಗ ಸೆರಗಿನ ಗಂಟಿನಲ್ಲಿ ನಾಲ್ಕು ಮೆಣಸಿನಕಾಯಿ ತಂದಿದ್ದಳು. ಮೋಟು ಕಾಯಿ, ನುಣ್ಣನೆ ಮೈ, ಬಣ್ಣ ಅಷ್ಟಕ್ಕಷ್ಟೇ. ಆದರೆ ಖಾರ! ಕಾಯಿ ಮುರಿದ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಅವತ್ತಿಡೀ ಅಳುವೇ ಗತಿ. ಹೊಸ ಸೊಸೆಯ ಗಂಟು ಬಿಚ್ಚಿದ ದಿನದ ಮಾತುಕತೆಯನ್ನು ಅಪ್ಪ ಇಬ್ಬರ ದನಿಯನ್ನೂ ಅನುಕರಿಸಿ ನನಗೆ ಎಷ್ಟೋ ಸಲ ಹೇಳಿ ನಗಿಸಿದ್ದಾನೆ.

"ಇದೇನು ಮೆಣಸಿನಕಾಯೋ, ಚೇಳೋ?"

"ನಮ್ಮ ಕಂಪ್ಲಿ ಕಡೀದ್ರಿ ಅತ್ತಿ. ಒಂದು ಹಾಕಿದ್ರ ಗಡಿಗಿ ಸಾರಿಗೆ ಸಾಕು."

"ಸಾರಿಗೆ ಸಾಕು. ಉಂಡಾವ್ರಿಗೆ ಗಡಿಗಿ ನೀರು ಸಾಲಂಗಿಲ್ಲ. ಬಚ್ಚಲ ಕಡಿಗೆ ಎರಡು ಗಿಡ ಹಚ್ಚಿಕೋ, ನನ್ನ ಸಾಲಿನ್ಯಾಗ ತರಬ್ಯಾಡ."

ಹಾಗೆ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಅಮ್ಮನ ಎರಡೇ ಎರಡು ಗಿಡ ಬೆಳೆಯುತ್ತಿದ್ದವು. ಇಬ್ಬರ ಕಾಯಿಯ ನಡುವೆ ಗೆರೆ ಇದ್ದಂತೆ ನನ್ನ ವಿಷಯದಲ್ಲೂ ಒಂದು ಗೆರೆ ಇತ್ತು. ಬಂದ ನೆಂಟರೆಲ್ಲ ನನ್ನ ಗಲ್ಲ ಹಿಡಿದು, ನೀಲಾ ಯಾರಂಗ ಅದಾಳ ಅಂತ ಕೇಳುವುದು, ಅಜ್ಜಿ ಅಮ್ಮ ಇಬ್ಬರೂ ಒಲೆಯ ಎರಡು ಬದಿಯಿಂದ ಉತ್ತರ ಕೊಡುವುದು. ಎತ್ತರ ನಮ್ಮ ಬಂಡ್ರಿಯದು ಅಂತ ಅಜ್ಜಿ, ಮೂಗು ನಮ್ಮ ಕಂಪ್ಲಿಯದು ಅಂತ ಅಮ್ಮ. ಬಣ್ಣ ಎರಡೂ ಕಡೆಗೆ ಹೊಂದುತ್ತಿರಲಿಲ್ಲ, ನಡುವೆ ಎಲ್ಲೋ ಇತ್ತು. ಬಾಯಿ ಜೋರು ಅಂದಾಗ ಮಾತ್ರ ಇಬ್ಬರೂ ಒಲೆ ಊದಲು ಶುರುಮಾಡುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ. ನನ್ನನ್ನು ಹಂಚಿಕೊಳ್ಳಲು ಇಷ್ಟು ಪೈಪೋಟಿ ಇದೆಯಲ್ಲ ಅಂತ ಒಳಗೊಳಗೇ ಬೀಗುತ್ತಿದ್ದೆ.

ಆಮೇಲೆ ಅದಿರಿನ ಕಾಲ ಬಂತು. ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಸಂಡೂರಿನ ಗುಡ್ಡಗಳಿಂದ ಟಿಪ್ಪರುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಇಳಿಯತೊಡಗಿದವು. ರಸ್ತೆ ದಾಟಲು ಕಾಯುತ್ತಾ ನಿಂತರೆ ಬೆಲ್ ಹೊಡೆದು ಪ್ರಾರ್ಥನೆಯೂ ಮುಗಿದಿರುತ್ತಿತ್ತು. ಬಿಳಿ ಯೂನಿಫಾರಂ ಸಂಜೆಗೆ ಕೆಂಪು, ತುಳಸಿ ಕಟ್ಟೆ ಕೆಂಪು, ಒಣಹಾಕಿದ ಹಪ್ಪಳವೂ ಕೆಂಪು. ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿಯನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕಪಕ್ಕದವರು ಟಿಪ್ಪರು ಕೊಂಡರು, ಖಾಲಿ ಜಾಗ ಇದ್ದವರು ಲಾರಿ ನಿಲ್ಲಿಸಲು ಬಾಡಿಗೆಗೆ ಬಿಟ್ಟು ಹೊಸ ಮನೆ ಕಟ್ಟಿದರು. ನಮ್ಮ ಖಾನಾವಳಿಗೂ ಸುಗ್ಗಿ. ಬಿಹಾರಿನವರು, ತಮಿಳುನಾಡಿನವರು, ಎಲ್ಲರಿಗಿಂತ ಹೆಚ್ಚಾಗಿ ಆಂಧ್ರದ ಡ್ರೈವರುಗಳು ಬರುತ್ತಿದ್ದರು. ಅವರಲ್ಲಿ ವೆಂಕಟೇಶು ಅನ್ನುವವನು ಅಜ್ಜಿಯ ಚಟ್ನಿ ಬಾಯಿಗಿಟ್ಟು ಮುಖ ಕಿವುಚಿದ ದಿನ ನನಗೆ ಚೆನ್ನಾಗಿ ನೆನಪಿದೆ.

"ಅಮ್ಮಾ, ಕಾರಂ ಲೇದು! ಇದು ಚಟ್ನೀನಾ, ಬೆಲ್ಲದ ಪಾಕಾನಾ?"

ಅಜ್ಜಿ ಸೌಟು ಹಿಡಿದು ಹೊರಗೆ ಬರುವಷ್ಟರಲ್ಲಿ ಅಮ್ಮ ತನ್ನ ಕಂಪ್ಲಿ ಕಾಯಿಯನ್ನು ಉಪ್ಪಿನೊಂದಿಗೆ ಜಜ್ಜಿ ಅವನ ತಟ್ಟೆಗೆ ಹಾಕಿದ್ದಳು. ವೆಂಕಟೇಶು ಒಂದು ತುತ್ತು ಉಂಡ. ಕಣ್ಣಲ್ಲಿ ನೀರು ಸುರಿಯಿತು. ಸಂತೋಷದಿಂದ ಮೇಜು ಬಡಿದ. ಮಾರನೆಯ ದಿನದಿಂದ ಅವನ ಜೊತೆಗಾರರೆಲ್ಲ ಅದನ್ನೇ ಕೇಳತೊಡಗಿದರು. ಬಚ್ಚಲ ಮೂಲೆಯ ಎರಡು ಗಿಡ ಸಾಲದಾಯಿತು. ಅಪ್ಪ ನಡುವೆ ಬಾಯಿ ಹಾಕಿ ಅಮ್ಮನಿಗೆ ಹೊಲದಲ್ಲೇ ಎರಡು ಸಾಲು ಕೊಡಿಸಿದ. ಬಂಡ್ರಿ ಕಾಯಿಯ ಸಾಲಿನ ಪಕ್ಕದಲ್ಲೇ ಕಂಪ್ಲಿ ಕಾಯಿಯ ಸಾಲು. ಜೇನುನೊಣಗಳಿಗೆ ಅತ್ತೆ ಯಾರು ಸೊಸೆ ಯಾರು ಅಂತ ಹೇಳುವವರು ಯಾರು?

ಮುಂದಿನ ವರ್ಷ ಅಜ್ಜಿಯ ಸಾಲಿನಲ್ಲಿ ಕೆಲವು ಗಿಡಗಳು ಎದೆಯೆತ್ತರ ಬೆಳೆದು ನಿಂತವು. ಎಲೆ ದೊಡ್ಡದು, ಕಾಯಿ ಹಿಡಿಹಿಡಿ. ಕಾಯಿಯ ಉದ್ದ ಮಾತ್ರ ಸ್ವಲ್ಪ ಕಮ್ಮಿ, ನೆರಿಗೆಯೂ ಅರೆಬರೆ. ಅಮ್ಮ ನೋಡಿ ಏನೋ ಹೇಳಲು ಹೋದಳು, ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಹೊಸ ಗೊಬ್ಬರ ಹಾಕಿದ್ದಕ್ಕೆ ಗಿಡ ಸೊಕ್ಕಿದೆ, ಕಾಯಿ ಜಾಸ್ತಿಯಾಗಿ ಉದ್ದ ಕುಗ್ಗಿದೆ ಅಂತ ತಾನೇ ತೀರ್ಮಾನ ಕೊಟ್ಟಳು. ಸೋಮವಾರ ಬಂತು. ತಲೆಗೆ ಎರೆದುಕೊಂಡು ಹೊಲಕ್ಕಿಳಿದಳು. ಪದ್ಧತಿಯಂತೆ, ಎಲ್ಲಕ್ಕಿಂತ ಹೆಚ್ಚು ಕಾಯಿ ಹೊತ್ತ ಗಿಡದಿಂದಲೇ ಬೀಜ ಹಿಡಿದಳು. ಎರಡು ತಳಿ ಬೆರೆತು ಹುಟ್ಟಿದ ಮೊದಲ ಗಿಡಗಳಿಗೆ ಅಂಥ ಹುಮ್ಮಸ್ಸು ಇರುತ್ತದೆ ಅಂತ ಈಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅವತ್ತು ನಮ್ಮ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಅದರ ಮರುವರ್ಷ ಹೊಲದಲ್ಲಿ ಜಾತ್ರೆ ನೆರೆಯಿತು. ಒಂದು ಗಿಡದ ಕಾಯಿ ಉದ್ದ, ಪಕ್ಕದ್ದು ಮೋಟು. ಒಂದಕ್ಕೆ ನೆರಿಗೆ ಇದೆ, ಬಣ್ಣವಿಲ್ಲ. ಇನ್ನೊಂದಕ್ಕೆ ಬಣ್ಣವಿದೆ, ಮೈ ಹಲಗೆಯಂತೆ ನುಣುಪು. ಹೆಚ್ಚಿನವು ಅತ್ತ ಬಂಡ್ರಿಯೂ ಅಲ್ಲ, ಇತ್ತ ಕಂಪ್ಲಿಯೂ ಅಲ್ಲ. ಖಾರದ್ದಂತೂ ಕೇಳುವುದೇ ಬೇಡ. ನೋಡಲು ಸಾಧುವಾಗಿದ್ದ ಉದ್ದನೆಯ ಕಾಯಿ ನಾಲಿಗೆ ಸುಡುತ್ತಿತ್ತು, ಮೋಟುಕಾಯಿ ಸೌತೆಕಾಯಿಯಂತೆ ಸಪ್ಪಗಿರುತ್ತಿತ್ತು. ಅಜ್ಜಿ ಎಂದಿನ ಅಳತೆಗೆ ಚಟ್ನಿ ರುಬ್ಬಿದಳು. ರೈಸ್ ಮಿಲ್ಲಿನ ಪಂಪಣ್ಣ, ನಮ್ಮ ಅಜ್ಜನ ಕಾಲದಿಂದ ದಿನಾ ಮಧ್ಯಾಹ್ನ ಉಣ್ಣಲು ಬರುತ್ತಿದ್ದ ಹಿರಿಯ, ರೊಟ್ಟಿಗೆ ದಂಡಿಯಾಗಿ ಹಚ್ಚಿಕೊಂಡು ಬಾಯಿಗಿಟ್ಟವನು ಕೆಮ್ಮಿ ಕೆಮ್ಮಿ ಕೆಂಪಾಗಿ ಅರ್ಧ ಊಟಕ್ಕೇ ಎದ್ದುಬಿಟ್ಟ. ಮರುದಿನ ಮೋಟುಕಾಯಿಯನ್ನು ಕಂಪ್ಲಿಯದೆಂದು ನಂಬಿ ಜಜ್ಜಿದ ಚಟ್ನಿ ಸಪ್ಪೆಯಾಗಿ ವೆಂಕಟೇಶು ಬೈದ. ಪಂಪಣ್ಣ ಒಂದು ವಾರ ನಮ್ಮ ಕಡೆ ತಲೆಹಾಕಲಿಲ್ಲ. ಅಜ್ಜಿಗೆ ಅದು ಮನೆಯಲ್ಲಿ ಸೂತಕ ಆದಷ್ಟೇ ದುಃಖ.

"ಬೀಜ ಕೆಡಿಸಿದಿ! ನನ್ನ ತವರಿನ ಬೀಜ ಕೆಡಿಸಿದಿ! ನಿನ್ನ ಚೇಳಿನ ಸಾಲು ನನ್ನ ಹೊಲಕ್ಕ ಬಂದಾಗಿಂದ ಮನಿ ರುಚಿ ಕೆಡ್ತು!"

"ನಾ ಏನು ಮಾಡೀನ್ರಿ ಅತ್ತಿ? ಬೀಜ ಆರಿಸಿದವ್ರು ನೀವ."

"ಬಾಯಿ ಮುಚ್ಚು!"

ಅಮ್ಮ ಹಿಟ್ಟಿನ ಕಡೆ ತಿರುಗಿದಳು. ಆ ದಿನ ಅವಳು ಬಡಿದ ರೊಟ್ಟಿಗಳೆಲ್ಲ ಅಂಚಿನಲ್ಲಿ ಸೀಳಿದವು. ಅಪ್ಪ ಅಜ್ಜಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂಡ್ರಿಗೆ ಕರೆದೊಯ್ದ, ಅವಳ ತಂಗಿಯ ಮನೆಯಲ್ಲಿ ಹಳೆಯ ಬೀಜ ಸಿಗುತ್ತದೆ ಅಂತ. ಚಿಕ್ಕಜ್ಜಿ ಮೆಣಸಿನಕಾಯಿ ಬೆಳೆಯುವುದನ್ನು ಬಿಟ್ಟೇ ಎಷ್ಟೋ ಕಾಲವಾಗಿತ್ತು. ಮಕ್ಕಳು ಗಣಿ ಕೆಲಸಕ್ಕೆ, ಹೊಲದಲ್ಲಿ ಬರೀ ಮೆಕ್ಕೆಜೋಳ. ಊರಲ್ಲಿ ಕೇಳಿದರೆ ಎಲ್ಲರ ಮನೆಯಲ್ಲೂ ಅಂಗಡಿಯ ಬೀಜದ ಪೊಟ್ಟಣ. ಅಜ್ಜಿ ಬರಿಗೈಯಲ್ಲಿ ವಾಪಸು ಬಂದಳು. ಅಂದರೆ ಆ ತಳಿ ಇದ್ದದ್ದು ನಮ್ಮ ಹೊಲದಲ್ಲಿ ಮಾತ್ರ, ಈಗ ಅಲ್ಲೂ ಇಲ್ಲ. ಅದೇ ವಾರ ಒಬ್ಬ ಟಿಪ್ಪರ್ ಮಾಲೀಕ ಬಂದು, ಹೊಲ ಸಮತಟ್ಟು ಮಾಡಿಕೊಟ್ಟರೆ ತನ್ನ ಗಾಡಿಗಳನ್ನು ನಿಲ್ಲಿಸಿ ಒಳ್ಳೆಯ ಬಾಡಿಗೆ ಕೊಡುತ್ತೇನೆ ಅಂದ. ಅಪ್ಪ ಇಲ್ಲ ಅನ್ನಲಿಲ್ಲ.

"ಕಲಬೆರಕಿ ಬೀಜ ಬೆಳದು ಏನು ಮಾಡೋದೈತಿ? ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ಸಿಗ್ತಾವ," ಎಂದ ಅಪ್ಪ.

ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಜ್ಜಿ ಬೈಯದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನಾಗ ಏಳನೇ ಕ್ಲಾಸು. ವಿಜ್ಞಾನ ಕಲಿಸುತ್ತಿದ್ದ ವಿಜಯಾ ಟೀಚರ್, ಪುಸ್ತಕದಲ್ಲಿ ಇರಲಿ ಬಿಡಲಿ ತಮಗೆ ಗೊತ್ತಿದ್ದನ್ನೆಲ್ಲ ಹೇಳುವವರು. ಬಟಾಣಿ ಗಿಡದ ಕಥೆಯನ್ನು ಆ ವಾರವೇ ಹೇಳಿದ್ದರು. ಎತ್ತರದ್ದು ಗಿಡ್ಡದ್ದು ಕೂಡಿದರೆ ಮೊದಲು ಎಲ್ಲ ಎತ್ತರವೇ, ಆಮೇಲೆ ಮೂರು ಎತ್ತರ ಒಂದು ಗಿಡ್ಡ. ನನಗೆ ರೋಮಾಂಚನವಾಗಿ ಮನೆಗೆ ಓಡಿಬಂದು ಮೆಣಸಿನ ಹೊಲದಲ್ಲಿ ಮೂರಕ್ಕೊಂದು ಹುಡುಕಿದೆ. ಎಲ್ಲಿಯ ಮೂರು, ಎಲ್ಲಿಯ ಒಂದು? ಉದ್ದ ಯಾವುದು ಮೋಟು ಯಾವುದು ಅಂತ ಗೆರೆ ಎಳೆಯುವುದೇ ಕಷ್ಟ. ಉಗುರುದ್ದದಿಂದ ಗೇಣುದ್ದದವರೆಗೆ ಎಲ್ಲ ಅಳತೆಯವೂ ಇದ್ದವು. ಟೀಚರ್ ಹೇಳಿದ್ದು ಸುಳ್ಳು ಅಂತ ಮುಖ ಊದಿಸಿಕೊಂಡು ಹೋಗಿ ಕಾಯಿಗಳನ್ನು ಅವರ ಮೇಜಿನ ಮೇಲೆ ಸುರುವಿದೆ. ಅವರು ನಕ್ಕರು. ಕಾಯಿಗಳನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸಿದರು. ಮೋಟಿನ ಕಡೆ ಎರಡು, ಉದ್ದದ ಕಡೆ ಎರಡು, ನಡುವಿನವು ರಾಶಿ.

"ನೋಡು ನೀಲಾ, ಮದುವಿ ಮನೀಗೆ ಮಂದಿ ಅಕ್ಕಿ ಮುಯ್ಯಿ ತರ್ತಾರಿಲ್ಲ? ಒಬ್ಬೊಬ್ಬರು ಒಂದೊಂದು ಸೇರು ತಂದು ಹಾಕ್ತಾರ. ಆಮ್ಯಾಲ ರಾಶಿ ನೋಡಿ ಇದು ಇಂಥವ್ರ ಅಕ್ಕಿ ಅಂತ ತೋರ್ಸಾಕ ಬರ್ತೈತೇನು? ಭಾಳ ಮಂದಿ ತಂದ್ರ ರಾಶಿ ದೊಡ್ಡದು, ಕಮ್ಮಿ ಮಂದಿ ತಂದ್ರ ಸಣ್ಣದು. ಬಟಾಣಿ ಎತ್ತರ ಒಬ್ಬನ ಕೈಯಾಗ ಇದ್ದಂಗ. ಅವ ಕೊಟ್ರ ಐತಿ, ಇಲ್ಲಾಂದ್ರ ಇಲ್ಲ. ಮೆಣಸಿನಕಾಯಿ ಉದ್ದ, ಬಣ್ಣ, ಖಾರ ಹಂಗಲ್ಲ. ಒಂದೊಂದಕ್ಕೂ ಭಾಳ ವಂಶವಾಹಿ ಕೂಡಿ ಸ್ವಲ್ಪ ಸ್ವಲ್ಪ ಹಾಕ್ತಾವ."

"ಮತ್ತ ನಡುವಿನಾವು ಯಾಕ ಇಷ್ಟು ಅದಾವ್ರಿ?"

"ಎಲ್ಲಾರೂ ತರೋದೂ ಅಪರೂಪ, ಯಾರೂ ತರದೇ ಇರೋದೂ ಅಪರೂಪ. ಅದಕ್ಕ ನಡುವಿನಾವು ಭಾಳ."

ನಾನು ಮನೆಗೆ ಬಂದು ಇದನ್ನು ಅಮ್ಮನಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಿದಳು. ಮತ್ತೊಮ್ಮೆ ಹೇಳು ಅಂದಳು, ಮುಯ್ಯಿಯ ಮಾತನ್ನು ಮೂರು ಸಲ ಹೇಳಿಸಿಕೊಂಡಳು. ಆಮೇಲೆ ಹಿಟ್ಟಿನ ಕೈಯಲ್ಲೇ ಎದ್ದು, ಅಜ್ಜಿ ಮಲಗಿದ್ದ ಕೋಣೆಯ ಬಾಗಿಲಲ್ಲಿ ನಿಂತಳು. ಅಪ್ಪನೂ ಅಲ್ಲಿದ್ದ.

"ಅತ್ತಿ, ನಿಮ್ಮ ಕಾಯಿ ಎಲ್ಲೂ ಹೋಗಿಲ್ರಿ. ಹೊಲದಾಗ ಐತಿ. ಒಂದು ಗಿಡದಾಗ ಉದ್ದ ಐತಿ, ಇನ್ನೊಂದರಾಗ ಬಣ್ಣ ಐತಿ, ಚದುರಿ ಹೋಗೇತಿ ಅಷ್ಟ. ನಾ ಕೂಡಸ್ತೀನಿ. ನೀಲಾ ಹತ್ತನೇ ಮುಗಿಸೋದ್ರಾಗ ಕೂಡಸಲಿಲ್ಲಾಂದ್ರ ಹೊಲ ಲಾರಿಗೆ ಬಿಡ್ರಿ. ನಾ ಮತ್ತ ಚಟ್ನಿ ಒರಳು ಮುಟ್ಟಂಗಿಲ್ಲ."

ಅಜ್ಜಿ ಗೋಡೆಯ ಕಡೆಗೇ ಮುಖ ಮಾಡಿಕೊಂಡು, "ಹೂಂ, ಕೂಡಸ್ತಾಳ," ಎಂದಳು. ಅಷ್ಟೇ. ಅಪ್ಪ ಟಿಪ್ಪರಿನವನಿಗೆ ಮೂರು ವರ್ಷ ಬಿಟ್ಟು ಬಾ ಅಂತ ಹೇಳಿ ಕಳಿಸಿದ. ನನ್ನ ಅಪ್ಪನಿಗೆ ಅಷ್ಟು ಧೈರ್ಯವಿತ್ತು ಅಂತ ಅವತ್ತೇ ಗೊತ್ತಾಗಿದ್ದು, ಅದಕ್ಕೂ ನನಗೆ ಹೆಮ್ಮೆಯಿದೆ.

ಮೊದಲನೆಯ ಕೆಲಸವಾಗಿ ಅಮ್ಮ ತನ್ನ ಕಂಪ್ಲಿ ಸಾಲನ್ನು ತಾನೇ ಕಿತ್ತಳು. ಇನ್ನೂ ಬೆರೆಯುತ್ತಾ ಹೋದರೆ ಎಂದಿಗೂ ಹದಕ್ಕೆ ಬರುವುದಿಲ್ಲ ಅಂತ ಟೀಚರ್ ಹೇಳಿದ್ದರು. ತವರಿನ ಗಿಡವನ್ನು ಬೇರುಸಮೇತ ಎಳೆಯುವಾಗ ಅವಳು ಅಳುತ್ತಿದ್ದಳು. ಖಾರಕ್ಕೆ ಕಣ್ಣು ಉರಿಯಿತು ಅಂತ ನನಗೆ ಹೇಳಿದಳು. ಗಿಡದ ಬೇರಿನಲ್ಲಿ ಯಾವ ಖಾರ ಅಂತ ಕೇಳುವಷ್ಟು ಬಾಯಿ ನನಗಿತ್ತು, ಆದರೆ ಕೇಳಲಿಲ್ಲ. ಆಮೇಲೆ ಶುರುವಾಯಿತು ನೋಡಿ ನಮ್ಮ ತಾಯಿಮಗಳ ರುಚಿ ನೋಡುವ ಕೆಲಸ. ಹಣ್ಣಾದ ಕಾಯಿಯ ತುದಿ ಅಲ್ಲ, ತೊಟ್ಟಿನ ಹತ್ತಿರದ ಚೂರನ್ನು ನಾಲಿಗೆಗೆ ಇಟ್ಟುಕೊಳ್ಳುವುದು, ಕಣ್ಣು ಮುಚ್ಚುವುದು, ಇಬ್ಬರೂ ಒಟ್ಟಿಗೆ ಹೇಳುವುದು: ಮೆತ್ತಗೆ, ಹದ, ಸುಡುತ್ತದೆ. ಹದ ಅಂದರೆ ಪಂಪಣ್ಣನೂ ಕೆಮ್ಮಬಾರದು, ವೆಂಕಟೇಶುವೂ ಬೈಯಬಾರದು, ಅಂಥ ಖಾರ. ಮಾತು ಹೊಂದದಿದ್ದರೆ ಮಜ್ಜಿಗೆಯಲ್ಲಿ ಬಾಯಿ ಮುಕ್ಕಳಿಸಿ ಮತ್ತೊಂದು ಸಲ. ಸ್ವಲ್ಪ ಹೊತ್ತಿಗೆ ನಾಲಿಗೆ ಸತ್ತುಹೋಗುತ್ತಿತ್ತು, ಹಾಗಾಗಿ ದಿನಕ್ಕೆ ಕೆಲವೇ ಗಿಡ. ಊದಿದ ತುಟಿಯಲ್ಲಿ ಶಾಲೆಗೆ ಹೋದರೆ ಗೆಳತಿಯರು ಜೇನು ಕಚ್ಚಿತೇನೇ ಅನ್ನುತ್ತಿದ್ದರು. ಅಜ್ಜಿ ಹೊಲಕ್ಕೆ ಇಳಿಯುತ್ತಿರಲಿಲ್ಲ. ಬಚ್ಚಲ ಕಟ್ಟೆಯ ಮೇಲೆ ಕೂತು ಚುಚ್ಚುತ್ತಿದ್ದಳು.

"ಏನು ಹುಡುಕಾಕತ್ತೀರಿ ತಾಯಿಮಗಳು, ಬಂಗಾರಾ? ದರೋಜಿ ಕರಡಿ ಹಂಗ ಬಗ್ಗಿಕೊಂಡು!"

"ನಿನ್ನ ತವರು ಹುಡುಕಾಕತ್ತೀವಿ ಅಜ್ಜಿ," ಎಂದು ನಾನು ಕೂಗುತ್ತಿದ್ದೆ.

ಚೆನ್ನಾಗಿ ಕಂಡ ಗಿಡದ ಮೊಗ್ಗಿನ ಕೊಂಬೆಗೆ ಅಜ್ಜನ ಹಳೆಯ ಪಂಚೆಯ ಚೂರಿನಿಂದ ಚೀಲ ಹೊಲಿದು ಕಟ್ಟುತ್ತಿದ್ದೆವು, ಜೇನುನೊಣ ಬೇರೆ ಗಿಡದ ಪರಾಗ ತರದಂತೆ. ಗಾಳಿಗೆ ಚೀಲಗಳು ಅಲ್ಲಾಡುವುದನ್ನು ನೋಡಿ ಡ್ರೈವರುಗಳು ಏನೋ ಮಾಟ ಮಾಡಿಸಿದ್ದಾರೆ ಅಂತ ಕೈಮುಗಿದು ಹೋಗುತ್ತಿದ್ದರು. ಮೊದಲ ವರ್ಷ ಅಮ್ಮ ಮೋಸಹೋದಳು. ಕಲ್ಲುಗೋಡೆಯ ಪಕ್ಕದ ಒಣ ಮೂಲೆಯಲ್ಲಿ ಒಂದು ಗಿಡ ಬಣ್ಣದಲ್ಲೂ ಖಾರದಲ್ಲೂ ಸರಿಯಾಗಿತ್ತು. ಅದರ ಬೀಜವನ್ನು ಬಚ್ಚಲ ಕಡೆ ಹಾಕಿದರೆ ಮರುವರ್ಷ ಖಾರವೇ ಇಲ್ಲ. ಗಿಡಕ್ಕೆ ನೀರು ಕಮ್ಮಿಯಾಗಿ ಖಾರ ಏರಿತ್ತು, ಹುಟ್ಟಿನಿಂದ ಬಂದದ್ದಲ್ಲ. ನಾನು ಟೀಚರ್ ಹತ್ತಿರ ಓಡಿದೆ. ಗಿಡವನ್ನು ನೋಡಿ ನಂಬಬೇಡಿ, ಅದರ ಮಕ್ಕಳನ್ನು ನೋಡಿ ನಂಬಿ ಅಂದರು ಅವರು. ಅಲ್ಲಿಂದ ಮುಂದೆ ಒಂದೊಂದು ಗಿಡದ ಬೀಜವನ್ನೂ ಎರಡು ಪಾಲು ಮಾಡಿ, ಒಂದನ್ನು ಒಣ ಮೂಲೆಗೆ, ಒಂದನ್ನು ಬಚ್ಚಲ ಮೂಲೆಗೆ ಹಾಕುವುದು ಅಮ್ಮನ ಪದ್ಧತಿಯಾಯಿತು. ಯಾವ ಗಿಡದ ಮಕ್ಕಳು ಎರಡೂ ಕಡೆ ಗುಣ ಉಳಿಸಿಕೊಂಡವೋ ಆ ಮನೆತನದ್ದಷ್ಟೇ ಮುಂದಿನ ಬೀಜ. ಎಂಟನೇ ಕ್ಲಾಸಿನಲ್ಲಿ ಉದ್ದ ಬಂತು, ಖಾರ ಎಡವಿತು. ಒಂಬತ್ತರಲ್ಲಿ ಖಾರ ಹದಕ್ಕೆ ಬಂತು, ನೆರಿಗೆ ಬರಲಿಲ್ಲ. ಅಡುಗೆ ಮಾಡಿ, ಪಾತ್ರೆ ತೊಳೆದು, ಗಿರಾಕಿಗಳನ್ನು ಸಂಭಾಳಿಸಿ, ಉಳಿದ ಹೊತ್ತಿನಲ್ಲಿ ಇಷ್ಟೆಲ್ಲ ಮಾಡಿದವಳು ನನ್ನ ಅಮ್ಮ. ಇವತ್ತು ಯಾರಾದರೂ ನನ್ನ ಗುರು ಯಾರು ಅಂತ ಕೇಳಿದರೆ ಎರಡು ಹೆಸರು ಹೇಳುತ್ತೇನೆ, ಒಂದು ಶಾಲೆಯದು, ಒಂದು ಒಲೆಯ ಮುಂದಿನದು.

ಹತ್ತನೇ ಕ್ಲಾಸಿನ ಚಳಿಗಾಲದಲ್ಲಿ ಎರಡು ಮೂಲೆಯ ಗಿಡಗಳೂ ಒಟ್ಟಿಗೆ ಹಣ್ಣಾದವು. ನಾನು ಪರೀಕ್ಷೆಗೆ ಓದುವುದನ್ನು ಬಿಟ್ಟು ಹೊಲದ ಅಂಚಿನಲ್ಲೇ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಗೇಣಿಗೆ ಒಂದು ಬೆರಳು ಕಮ್ಮಿ ಇತ್ತು ಉದ್ದ. ಬಣ್ಣ ಬಂಡ್ರಿಯದೇ, ಒಂದು ಎಳೆಯೂ ಕುಂದಿರಲಿಲ್ಲ. ನೆರಿಗೆ ಇತ್ತು. ಖಾರ ಬಾಯಿಗೆ ಇಟ್ಟ ತಕ್ಷಣ ಬರುತ್ತಿರಲಿಲ್ಲ, ತುತ್ತು ನುಂಗಿದ ಮೇಲೆ ಮೆಲ್ಲಗೆ ಏರಿ, ಇನ್ನೊಂದು ತುತ್ತು ಬೇಕು ಅನ್ನಿಸಿ ನಿಲ್ಲುತ್ತಿತ್ತು. ಅಮ್ಮ ಹೊಸ ಕಾಯಿಯಲ್ಲಿ ಚಟ್ನಿ ರುಬ್ಬಿ ಯಾರಿಗೂ ಹೇಳದೆ ಎಲ್ಲ ತಟ್ಟೆಗೂ ಹಾಕಿದಳು. ಪಂಪಣ್ಣ ತಲೆಯೆತ್ತದೆ ಉಂಡು, ಬೆರಳು ನೆಕ್ಕಿ, ಇನ್ನೊಂದು ರೊಟ್ಟಿ ಹಾಕವಾ ಅಂದ. ಅವನ ಎದುರಿಗೆ ಕೂತಿದ್ದ ವೆಂಕಟೇಶು "ಅಬ್ಬಾ, ಈಗ ಮಸ್ತ್" ಅಂದ. ಆ ಇಬ್ಬರೂ ಒಂದೇ ಬಟ್ಟಲಿನ ಚಟ್ನಿ ಉಂಡು ಎದ್ದದ್ದನ್ನು ಅಡುಗೆಮನೆಯ ಬಾಗಿಲಿಂದ ನೋಡಿದ ನನಗೆ ಕುಣಿಯಬೇಕು ಅನ್ನಿಸಿತು. ಆದರೆ ಅಮ್ಮನ ಮುಖದಲ್ಲಿ ನಗುವಿರಲಿಲ್ಲ. ಗಿರಾಕಿಗಳ ಮಾತಿಗೆ ಅವಳು ಮೂರು ವರ್ಷ ದುಡಿದಿರಲಿಲ್ಲ.

ಗಿರಾಕಿಗಳೆಲ್ಲ ಹೋದ ಮೇಲೆ ಅಜ್ಜಿ ಹೊರಗೆ ಬಂದಳು. ಖಾನಾವಳಿ ಶುರುವಾದ ದಿನದಿಂದ ಅವಳು ಬಡಿಸಿದವಳೇ ಹೊರತು ಮುಂದಿನ ಬೆಂಚಿನ ಮೇಲೆ ಕೂತವಳಲ್ಲ. ನಮ್ಮ ಮನೆಯ ಹೆಂಗಸರು ಉಣ್ಣುತ್ತಿದ್ದದ್ದು ಅಡುಗೆಮನೆಯ ನೆಲದ ಮೇಲೆ, ಅದೂ ಅತ್ತೆಯದಾದ ಮೇಲೆ ಸೊಸೆಯದು. ಅವತ್ತು ಅವಳು ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತಳು.

"ಗಿರಾಕಿಗೆ ಬಡಸಿದಂಗ ಬಡಸ್ರಿ. ಮನಿಯಾಕಿ ಅಂತ ತಿಳೀಬ್ಯಾಡ್ರಿ."

ಅಮ್ಮ ತಟ್ಟೆ ತಂದಿಟ್ಟಳು. ರೊಟ್ಟಿ, ಪಲ್ಯ, ಚಟ್ನಿ. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದಲ್ಲಿ ನಿಂತಳು. ಅಪ್ಪ ದುಡ್ಡಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ಸುಮ್ಮನೆ ಮೇಜಿನ ಒಂದೇ ಜಾಗವನ್ನು ಒರೆಸತೊಡಗಿದ. ಅಜ್ಜಿ ಚಟ್ನಿಯನ್ನು ಮೊದಲು ಬೆಳಕಿಗೆ ಹಿಡಿದು ನೋಡಿದಳು. ರೊಟ್ಟಿ ಮುರಿದಳು. ಒಂದು ತುತ್ತು, ನಿಧಾನಕ್ಕೆ. ಇನ್ನೊಂದು ತುತ್ತು. ಒಂದು ರೊಟ್ಟಿ ಮುಗಿಯಿತು. ತಟ್ಟೆಯನ್ನು ಬೆರಳಲ್ಲಿ ಒರೆಸಿ, ಖಾಲಿಯಾದ ಚಟ್ನಿಯ ಜಾಗವನ್ನು ತೋರಿಸಿದಳು. ಅಮ್ಮ ಮತ್ತೆ ಹಾಕಿದಳು. ಅದೂ ಮುಗಿಯಿತು.

"ಉಪ್ಪು ಕಮ್ಮಿ ಆಗೇತಿ," ಅಂದಳು ಅಜ್ಜಿ.

ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಮತ್ತೇನ್ರಿ ಅತ್ತಿ?"

"ಮತ್ತೇನೂ ಇಲ್ಲ. ಉಪ್ಪು ಅಷ್ಟ." ಅಜ್ಜಿ ನೀರು ಕುಡಿದು ಲೋಟ ಕೆಳಗಿಟ್ಟಳು. "ಬೀಜಕ್ಕ ಎಷ್ಟು ಇಟ್ಟೀ?"

"ಐದಾರು ಗಿಡದ್ದು ಇಟ್ಟೀನ್ರಿ. ಒಂದ ಗಿಡ ನಂಬಂಗಿಲ್ರಿ ನಾ."

"ನಂಬಬ್ಯಾಡ. ಈ ಸೋಮವಾರ ನೀ ಇಳಿ ಹೊಲಕ್ಕ. ತಲಿಗೆ ಎರಕೊಂಡು ಇಳಿ. ನಾ ಬರಂಗಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಲೇ, ಆ ಲಾರಿಯವ ಬಂದ್ರ ನಮ್ಮ ಹೊಲ ಖಾಲಿ ಇಲ್ಲ ಅಂತ ಹೇಳು."

ಅಮ್ಮ ಅಲ್ಲೇ ನಿಂತಿದ್ದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳುವುದೂ ಮರೆತುಹೋಗಿತ್ತು. ಅಜ್ಜಿ ಬೆಂಚಿನ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿ, ಅಂಗೈಯಿಂದ ಹಲಗೆ ತಟ್ಟಿದಳು.

"ಹೊತ್ತು ಎಷ್ಟಾತು, ಇನ್ನೂ ಉಂಡಿಲ್ಲ ನೀನು. ಕುಂದ್ರು ಇಲ್ಲೇ."

ಅಮ್ಮ ಕೂತಳು. ನಾನು ಒಳಗೆ ಓಡಿ ಇನ್ನೊಂದು ತಟ್ಟೆ ತಂದೆ. ಅತ್ತೆ ಸೊಸೆ ಅಕ್ಕಪಕ್ಕ ಕೂತು ಒಟ್ಟಿಗೆ ಉಂಡದ್ದು ನಮ್ಮ ಮನೆಯಲ್ಲಿ ಅದೇ ಮೊದಲು, ಬಡಿಸಿದವಳು ನಾನು.